ಗಾಳಿ ಯಂತ್ರದ ಉದ್ಘಾಟನೆ

ಹರಿಹರದ ಬೈಪಾಸಿನಲ್ಲಿ ಅವರವರ ಕಾರನ್ನು ಅವರೇ ತೊಳೆದುಕೊಳ್ಳುವ ಜಾಗವೊಂದಿತ್ತು. ಅಲ್ಲಿಗೆ ಟೈರಿಗೆ ಗಾಳಿ ಹೊಡೆಯುವ ಯಂತ್ರವೂ ಬಂತು. ಗಿರಾಕಿಗಳೇ ಹೊಡೆದುಕೊಳ್ಳಬೇಕು, ಕಾವಲಿನ ಹಾಲಮ್ಮ ಮುಟ್ಟಕೂಡದು ಎಂದು ಮಾಲೀಕನ ಕಟ್ಟಪ್ಪಣೆ.

ಒಂದು ದಿನ ಯಾವುದೋ ಸಂಘದ ಅಧ್ಯಕ್ಷ ಮುರಿಗೆಪ್ಪ ಕಾರು ನಿಲ್ಲಿಸಿ ಗದರಿದ. "ಏಯ್, ಗಾಳಿ ಹೊಡಿ! ನಾನು ಬಗ್ಗೋನಲ್ಲ. ಇಲ್ಲಾಂದ್ರೆ ನಿನ್ನ ಕೆಲಸ ಬಿಡಿಸ್ತೀನಿ."

ಹಾಲಮ್ಮ ಕೈಮುಗಿದಳು. "ಹೊಸ ಯಂತ್ರ ಸಾಹೇಬ್ರೆ. ದೊಡ್ಡೋರ ಕೈಯಿಂದ ಉದ್ಘಾಟನೆ ಆಗ್ಲಿ ಅಂತಿದ್ದೆ." ಯಂತ್ರಕ್ಕೆ ಕುಂಕುಮ ಹಚ್ಚಿ, ಕೆಂಪು ಟೇಪು ಕಟ್ಟಿ, ಕತ್ತರಿ ಕೊಟ್ಟಳು.

ಮುರಿಗೆಪ್ಪ ಟೇಪು ಕತ್ತರಿಸಿದ. ಮಂಡಿಯೂರಿ ನಾಲ್ಕೂ ಚಕ್ರಕ್ಕೆ ಗಾಳಿ ಹೊಡೆದ. ಚಪ್ಪಾಳೆ ಬಿದ್ದ ಖುಷಿಗೆ ಹಿಂದಿದ್ದ ಆಟೋಗೂ ಹೊಡೆದು, ಮೀಸೆ ತಿರುವುತ್ತ ಹೊರಟ.

"ಅಕ್ಕಾ, ಯಂತ್ರ ಬಂದು ತಿಂಗಳಾಯ್ತಲ್ಲ?" ಎಂದ ಆಟೋದವನು.

"ಆಯ್ತಪ್ಪ. ಆದ್ರೆ ದೊಡ್ಡೋರು ಬರ್ತಾನೇ ಇರ್ತಾರಲ್ಲ," ಎನ್ನುತ್ತ ಹಾಲಮ್ಮ ಕತ್ತರಿಸಿದ ಟೇಪಿಗೆ ಏಳನೇ ಗಂಟು ಹಾಕಿದಳು.