ಗೊರವಂಕ ಹೊಗಳಿದ ಅರ್ಧ ಗೂಡು

ಒಂದು ಕೊಳದ ಮೇಲೆ ಬಾಗಿ ನಿಂತ ಜಾಲಿಮರದಲ್ಲಿ ಗೀಜಗ ಹಕ್ಕಿಗಳ ಕೇರಿಯಿತ್ತು. ಮಕ್ಕಳೇ, ನೆಟ್ಟಗೆ ಕುಳಿತು ಕೇಳಿ. ಗೀಜಗಗಳ ಪದ್ಧತಿ ತಿಳಿಯದಿದ್ದರೆ ಈ ಕತೆ ತಿಳಿಯುವುದಿಲ್ಲ. ಗಂಡು ಗೀಜಗ ಮೊದಲು ಅರ್ಧ ಗೂಡನ್ನಷ್ಟೇ ಹೆಣೆಯುತ್ತದೆ. ಅದಕ್ಕೆ ತಳವಿರುವುದಿಲ್ಲ. ಹೆಣ್ಣು ಬಂದು, ಜಗ್ಗಿ ನೋಡಿ, ಒಪ್ಪಿದರೆ ಮಾತ್ರ ಉಳಿದರ್ಧ. ಒಪ್ಪದಿದ್ದರೆ ಗಂಡು ಮುಖ ಊದಿಸಿಕೊಳ್ಳದೆ ಬೇರೆ ಕೊಂಬೆಯಲ್ಲಿ ಹೊಸ ಗೂಡು ಶುರುಮಾಡುತ್ತದೆ.

ಪಕ್ಕದ ಮಾವಿನ ಮರದಲ್ಲಿ ಕಸ್ತೂರಮ್ಮ ಎಂಬ ಗೊರವಂಕ, ಅಂದರೆ ಮೈನಾ ಹಕ್ಕಿ, ಇದ್ದಳು. ಮಾತಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೇರೆಯವರ ಮಾತು ಕೇಳುವ ಅಭ್ಯಾಸ ಮಾತ್ರ ಅವಳಿಗೆ ಆಗಿರಲಿಲ್ಲ. ಆ ವರ್ಷ ಅವಳು ದಲ್ಲಾಳಿ ಕೆಲಸ ಹಿಡಿದಳು. ಹೊನ್ನಪ್ಪ ಎಂಬ ಗೀಜಗನ ಗೂಡನ್ನು ಹೊಗಳಿ ಹೆಣ್ಣುಗಳನ್ನು ಕರೆತರಬೇಕು. ಗೂಡು ಒಪ್ಪಿಗೆಯಾದರೆ ಅವನು ಅವಳಿಗೊಂದು ಸಜ್ಜೆಯ ತೆನೆ ಕೊಡಬೇಕು.

ಮೊದಲು ಬಂದವಳು ಪದುಮಕ್ಕ. ಗೂಡನ್ನು ಕೊಕ್ಕಿನಿಂದ ಜಗ್ಗಿದಳು. ಅದು ಓಲಾಡಿತು.

"ಗಂಟು ಸಡಿಲ. ಗಾಳಿಗೆ ನಿಲ್ಲುವುದಿಲ್ಲ," ಎಂದಳು.

"ಅದು ಸಡಿಲವಲ್ಲ ಕಣೇ, ತೊಟ್ಟಿಲಿನ ಸೌಕರ್ಯ. ಮರಿಗಳಿಗೆ ಚೆನ್ನಾಗಿ ನಿದ್ದೆ ಬರುತ್ತದೆ," ಎಂದಳು ಕಸ್ತೂರಮ್ಮ.

"ಕೊಳದೊಳಗೆ ಬಿದ್ದರೆ ಇನ್ನೂ ಚೆನ್ನಾಗಿ ಬರುತ್ತದೆ," ಎಂದು ಪದುಮಕ್ಕ ಹಾರಿಹೋದಳು.

ಆಮೇಲೆ ಬಂದವರೂ ಜಗ್ಗಿದರು, ಹೋದರು. ಕಡೆಗೆ ಹೊನ್ನಪ್ಪನೇ ಹೇಳಿದ: "ಬಿಡಿ ಕಸ್ತೂರಮ್ಮನವರೇ. ಗಂಟನ್ನು ನಾನೇ ಅವಸರದಲ್ಲಿ ಹಾಕಿದ್ದು. ಆಚೆ ಕೊಂಬೆಯಲ್ಲಿ ಬೇರೆ ಹೆಣೆಯುತ್ತೇನೆ."

"ನಾನು ಇಷ್ಟು ದಿನ ಹೊಗಳಿದ್ದೆಲ್ಲ ದಂಡವೇ? ಗೂಡಿನಲ್ಲಿ ದೋಷವಿಲ್ಲಪ್ಪ. ಹೊಗಳಿಕೆ ಸಾಲದು, ಅಷ್ಟೇ."

"ಕಟ್ಟಿದವನು ನಾನು. ನಾನೇ ಬೇಡ ಎನ್ನುತ್ತಿದ್ದೇನೆ."

"ಕಟ್ಟುವವರಿಗೆ ಮಾರುವ ವಿಷಯ ಏನು ಗೊತ್ತು?"

ಹೊನ್ನಪ್ಪ ಹೊಸ ಕೊಂಬೆಗೆ ಹೋದ. ಕಸ್ತೂರಮ್ಮ ಹಳೆಯ ಗೂಡಿನ ಮೇಲೆ ಹಾಡು ಕಟ್ಟಿದಳು.

ಇತ್ತ ಅವಳ ಗಂಡ ಶಾಮರಾಯ ಮಾವಿನ ಮರದಲ್ಲಿ ಒಳ್ಳೆಯ ಪೊಟರೆಯೊಂದನ್ನು ಹುಡುಕಿದ್ದ. "ನಿನಗೆ ಮೊಟ್ಟೆಯಿಡುವ ಕಾಲ ಬಂತು. ಪೊಟರೆಯ ಮೇಲೆ ಗಿಳಿಗಳ ಕಣ್ಣಿದೆ. ನಾನು ಹುಲ್ಲು ತರಲು ಹೋದಾಗ ನೀನು ಬಾಗಿಲಲ್ಲಿ ಕೂರು ಮಾರಾಯ್ತಿ," ಎಂದ.

"ನಾಳೆ ಕೂರುತ್ತೇನೆ. ಈಗ ಜನ ಬರುವ ಹೊತ್ತು."

ಜನ ಬರುತ್ತಿದ್ದದ್ದೇನೋ ನಿಜ. ಆದರೆ ಅವಳನ್ನು ಕಂಡೊಡನೆ ಹೆಣ್ಣು ಗೀಜಗಗಳು ಕೊಳವನ್ನು ಸುತ್ತು ಬಳಸಿ ದೂರದಿಂದಲೇ ಹೋಗುತ್ತಿದ್ದವು. ಕಸ್ತೂರಮ್ಮ ಹಿಗ್ಗಿದಳು. "ನೋಡಿದಿರಾ? ಗೂಡನ್ನು ಸುತ್ತಲಿಂದಲೂ ನೋಡುತ್ತಿದ್ದಾರೆ," ಎಂದು ಕೇರಿಯವರಿಗೆ ಹೇಳಿದಳು.

ಅಷ್ಟರಲ್ಲಿ ಶಾಮರಾಯ ಹುಲ್ಲು ಕಚ್ಚಿಕೊಂಡು ಪೊಟರೆಗೆ ಮರಳಿದ. ಒಳಗಿನಿಂದ ಗಿಳಿಯೊಂದು ತಲೆ ಹಾಕಿತು.

"ಇದು ನಮ್ಮ ಮನೆ," ಎಂದ ಶಾಮರಾಯ.

"ಬಾಗಿಲಲ್ಲಿ ಯಾರೂ ಇರಲಿಲ್ಲವಲ್ಲ ಸ್ವಾಮಿ," ಎಂದಿತು ಗಿಳಿ. "ಹುಲ್ಲು ಅಲ್ಲೇ ಇಟ್ಟು ಹೋಗಿ, ಉಪಕಾರವಾಯಿತು."

ಮರುದಿನವೇ ಮೋಡ ಕವಿಯಿತು. ಕಸ್ತೂರಮ್ಮನಿಗೆ ಮೊಟ್ಟೆಯಿಡುವ ಹೊತ್ತೂ ಬಂತು. ಆ ಕೇರಿಯಲ್ಲಿ ಖಾಲಿಯಿದ್ದದ್ದು ಒಂದೇ ಗೂಡು. ಯಾವುದೆಂದು ನಾನು ಹೇಳಬೇಕಾಗಿಲ್ಲ.

"ಅದರೊಳಗೆ ಬೇಡ," ಎಂದ ಶಾಮರಾಯ.

"ನಾನು ಕೂತದ್ದನ್ನು ಕಂಡರೆ ಎಲ್ಲರಿಗೂ ನಂಬಿಕೆ ಬರುತ್ತದೆ," ಎಂದು ಕಸ್ತೂರಮ್ಮ ಗೀಜಗನ ಗೂಡಿನೊಳಗೆ ತನ್ನ ದಪ್ಪ ಮೈಯನ್ನು ತುರುಕಿದಳು.

ಸ್ವಲ್ಪ ಹೊತ್ತಿಗೆ ಕೊಳದಲ್ಲಿ ಬುಳುಕ್ ಎಂದಿತು. ಕೆಳಗಿದ್ದ ಮುದಿ ಆಮೆ ಕತ್ತು ಚಾಚಿತು.

"ಮೇಲಿನಿಂದ ಯಾರಮ್ಮ ಎಸೆಯುವುದು?"

"ಎಸೆದದ್ದಲ್ಲ," ಎಂದಳು ಕಸ್ತೂರಮ್ಮ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ಯಾರೂ ಕೇಳಿರಲಿಲ್ಲ. "ಅದು ನನ್ನ ಮೊಟ್ಟೆ."

"ತಳವಿಲ್ಲದ ಗೂಡಿನಲ್ಲಿ ಇಟ್ಟೆಯಾ?"

ಅವಳು ಉತ್ತರ ಕೊಡುವ ಮೊದಲೇ ಗಾಳಿ ಬೀಸಿತು. ಗಂಟು ಬಿಚ್ಚಿಕೊಂಡಿತು. ಗೂಡೂ ದಲ್ಲಾಳಿಯೂ ಒಟ್ಟಿಗೆ ಆಮೆಯ ಪಕ್ಕಕ್ಕೆ ಬಂದಿಳಿದವು.

ಆ ಮಳೆಗಾಲವೆಲ್ಲ ಕಸ್ತೂರಮ್ಮ ಮತ್ತು ಶಾಮರಾಯ ಬರಿಯ ಕೊಂಬೆಯ ಮೇಲೆ ನೆನೆದರು. ಆ ವರ್ಷ ಅವರಿಗೆ ಮರಿಗಳಾಗಲಿಲ್ಲ. ಹೊನ್ನಪ್ಪನ ಹೊಸ ಗೂಡನ್ನು ಪದುಮಕ್ಕ ಜಗ್ಗಿ ನೋಡಿ ಒಪ್ಪಿ, ಸಂಸಾರ ಹೂಡಿದ್ದಳು. ಮಳೆ ಬಿಟ್ಟ ಒಂದು ಬೆಳಿಗ್ಗೆ ಕಸ್ತೂರಮ್ಮ ರೆಕ್ಕೆ ಕೊಡವಿಕೊಂಡು ಅಲ್ಲಿಗೆ ಬಂದಳು.

"ಹೊನ್ನಪ್ಪ, ಈ ಗೂಡಿನ ವಿಷಯ ನಾಲ್ಕು ಜನಕ್ಕೆ ಹೇಳಲೇ?"

"ಬೇಡ," ಎಂದ ಹೊನ್ನಪ್ಪ. "ಒಳಗೆ ಮರಿಗಳು ಕೂಗುತ್ತಿವೆ. ಎಲ್ಲರಿಗೂ ಕೇಳಿಸುತ್ತಿದೆ."

ನೀತಿ: ನೋಡಿದವರೆಲ್ಲ ಬೇಡವೆಂದ ವಸ್ತುವನ್ನು ಇನ್ನೂ ಗಟ್ಟಿಯಾಗಿ ಹೊಗಳುವುದು ಛಲವಲ್ಲ, ದಡ್ಡತನ; ಅದನ್ನು ಕೈಬಿಡಲು ತಡಮಾಡಿದವರು ತಮ್ಮದನ್ನೂ ಕಳೆದುಕೊಳ್ಳುತ್ತಾರೆ.