ಕಡಲಜ್ಜಿಗೆ ‘ಸಾಕು’ ಅನ್ನದ ಮೊಸಳೆ

ಭೂಮಿಯ ಕೆಸರು ಆಗಿನ್ನೂ ಒಣಗಿರಲಿಲ್ಲ. ಯಾವ ಕಡೆ ಹರಿಯಬೇಕು ಅಂತ ಹೊಳೆಗಳು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ಯಾವ ಪ್ರಾಣಿಗೂ ಇಷ್ಟೇ ಮೈ, ಇಷ್ಟೇ ಆಯುಸ್ಸು ಎಂದು ಗೊತ್ತಾಗಿರಲಿಲ್ಲ. ಅದನ್ನೆಲ್ಲ ಬಡಿಸುವವಳು ಕಡಲಜ್ಜಿ.

ಹೌದು ಮಗು, ಬಡಿಸುವವಳು. ಮದುವೆಮನೆಯಲ್ಲಿ ಪಾಯಸ ಬಡಿಸುತ್ತಾರಲ್ಲ, ಹಾಗೇ. ಉಬ್ಬರದ ಹೊತ್ತಿಗೆ ಕಡಲಜ್ಜಿ ಹೊಳೆಯ ಬಾಯಿಗೆ ಬಂದು, ದಡದಲ್ಲಿ ಕೂತವರಿಗೆ ಅಲೆ ಬಡಿಸುತ್ತ ಹೋಗುತ್ತಿದ್ದಳು. ಉಪ್ಪುನೀರು ತಾಗಿದಷ್ಟೂ ಮೈ ಬೆಳೆಯುತ್ತಿತ್ತು, ಆಯುಸ್ಸೂ ಬೆಳೆಯುತ್ತಿತ್ತು. ಬಾಯಿಬಿಟ್ಟು "ಸಾಕು" ಅಂದವರಿಗೆ ನಿಲ್ಲಿಸುವಳು. ಅನ್ನದವರಿಗೆ ಬಡಿಸುತ್ತಲೇ ಇರುವಳು. ಅಜ್ಜಿಯರ ಕೈ ಯಾವತ್ತು ತಾನಾಗಿ ನಿಂತಿದೆ ಹೇಳು.

ಇರುವೆ ಒಂದು ಹನಿಗೇ "ಸಾಕಜ್ಜಿ" ಎಂದು ಎದ್ದು ಓಡಿತು. ಆನೆ ಸಾವಕಾಶವಾಗಿ ಹಾಕಿಸಿಕೊಂಡು, ತೇಗಿ, ಆಮೇಲೆ "ಸಾಕು" ಎಂದಿತು. ಆಮೆಯದು ನಿಧಾನದ ಮಾತು. ಅದು "ಸಾ" ಎಂದು ಶುರುಮಾಡಿ "ಕು" ಎನ್ನುವಷ್ಟರಲ್ಲಿ ಎಲೆಯಿಂದ ಆಚೆ ಚೆಲ್ಲುವಷ್ಟು ಆಯುಸ್ಸು ಬಿದ್ದುಬಿಟ್ಟಿತ್ತು.

ಇನ್ನು ಮೊಸಳೆ. ಮೈಯೆಲ್ಲ ದೊರಗು ಅಂತ ಅವಳನ್ನು ಎಲ್ಲರೂ ದೊರಗಿ ಎಂದೇ ಕರೆಯುತ್ತಿದ್ದರು. ಮಹಾ ಪುಕ್ಕಲಿ ಅವಳು. ತನ್ನ ನೆರಳು ಅಲುಗಿದರೂ ಬೆಚ್ಚುವಳು. ಅಲೆ ಇನ್ನೂ ಅಷ್ಟು ದೂರ ಇರುವಾಗಲೇ "ಸಾಕು, ಸಾಕು" ಎಂದು ಕಣ್ಣು ಮುಚ್ಚಿಕೊಂಡಳು. ಸಿಕ್ಕಿದ್ದು ಒಂದು ಮೊಳ ಮೈ, ಒಂದು ಮಳೆಗಾಲದ ಆಯುಸ್ಸು. ಅವಳಿಗೂ ಅಷ್ಟರಲ್ಲಿ ಏನೂ ಕೊರತೆ ಕಾಣಲಿಲ್ಲ, ಮೊಟ್ಟೆ ಇಡುವ ತನಕ.

ಹೊಳೆದಂಡೆಯಲ್ಲಿ ಸೊಪ್ಪು ಕೆಸರು ಸೇರಿಸಿ ಗುಡ್ಡೆ ಮಾಡಿ, ಒಳಗೆ ಮೊಟ್ಟೆ ಇಟ್ಟು, ದೊರಗಿ ಕಾವಲು ಕೂತಳು. ಸ್ವಲ್ಪ ಆಚೆ ಉಡವೂ ಬಂದು ಕೂತಿತು. ಆಗ ಉಡ ಅವಳ ಎರಡರಷ್ಟು ಉದ್ದ.

"ಯಾವಾಗ ಬಿರಿಯುತ್ತೆ ಅಕ್ಕಾ?" ಉಡ ಬಹಳ ಮರ್ಯಾದೆಯಿಂದ ಕೇಳಿತು.

"ಮಳೆ ನಿಂತ ಮೇಲೆ," ಎಂದಳು ದೊರಗಿ.

"ಮಳೆ ನಿಂತ ಮೇಲೆ ನೀನಿರಲ್ವಲ್ಲ. ಇರ್ಲಿ ಬಿಡು. ನಂಗೇನೂ ಅವಸರ ಇಲ್ಲ, ಕಾಯ್ತೀನಿ."

ಆ ಮಾತು ಅವಳಿಗೆ ಹೊಳೆದೇ ಇರಲಿಲ್ಲ. ಮಳೆ ನಿಂತರೆ ತಾನಿಲ್ಲ. ತಾನಿಲ್ಲದಿದ್ದರೆ ಗುಡ್ಡೆ ಬಗೆದು ಮಕ್ಕಳನ್ನು ತೆಗೆಯುವವರು ಯಾರು? ಬಗೆಯಲು ಉಡ ಇದೆ. ಆದರೆ ಅದು ತೆಗೆಯುವುದು ಹೊಟ್ಟೆಗೆ.

ಅವತ್ತಿನಿಂದ ಅವಳಿಗೆ ಊಟ ಸೇರಲಿಲ್ಲ, ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಮೋಡ ತೆಳ್ಳಗಾದರೆ ಭಯ, ಬಿಸಿಲು ಇಣುಕಿದರೆ ಭಯ. ಮಳೆಗೆ ದಿನಾ ಕೈಮುಗಿದು, "ಇನ್ನೊಂದು ಸ್ವಲ್ಪ ಹೊಡಿ ತಾಯಿ" ಎಂದು ಬೇಡುವಳು. ಕೊನೆಗೆ ಒಂದು ಬೆಳಿಗ್ಗೆ ಹನಿ ನಿಂತೇ ಹೋಯಿತು. ಆ ದಿನವೇ ಗುಡ್ಡೆಯ ಒಳಗಿಂದ ಒಂದು ಸಣ್ಣ ಸದ್ದು ಬಂತು.

ಕುಂಯ್.

ದೊರಗಿ ನೀರಿನ ಅಂಚಿಗೆ ಓಡಿದಳು. ಉಬ್ಬರ ಏರುತ್ತಿತ್ತು. "ಅಜ್ಜೀ, ನಂಗೆ ಇನ್ನೊಂದ್ಸಲ ಬಡಿಸು."

ಕಡಲಜ್ಜಿ ಹುಬ್ಬು ಗಂಟಿಕ್ಕಿದಳು. "ಎಲೆ ಎತ್ತಿದ ಮೇಲೆ ಬಡಿಸೋ ಪದ್ಧತಿ ಎಲ್ಲಿದೆಯೇ? ಅವತ್ತು ಬೇಡ ಬೇಡ ಅಂದೋಳು ನೀನೇ ತಾನೆ?"

"ನಂಗೋಸ್ಕರ ಕೇಳ್ತಿಲ್ಲ ಅಜ್ಜಿ. ಉಡಕ್ಕಿಂತ ಒಂದು ಗೇಣು ಜಾಸ್ತಿ ಮೈ ಸಾಕು. ಮಕ್ಕಳು ಆಚೆ ದಡ ಮುಟ್ಟೋ ತನಕ ಉಸಿರು ಸಾಕು."

ಅಜ್ಜಿ ಅವಳ ಮುಖ ನೋಡಿದಳು. "ಗೇಣು ಅಳೆಯೋದು ನಂಗೆ ಬರಲ್ಲ ಮಗಳೇ, ಬಡಿಸೋದಷ್ಟೇ ಬರೋದು. ಯಾವಾಗ ಸಾಕೋ ಆವಾಗ ನೀನೇ ಬಾಯ್ಬಿಟ್ಟು ಹೇಳ್ಬೇಕು. ಹಾಕಿದ್ದನ್ನ ವಾಪಸ್ ತಗೊಳ್ಳಲ್ಲ. ತುಂಬಾ ಕಾಲ ಬದುಕೋದು ಸುಲಭ ಅಂತ ತಿಳ್ಕೋಬೇಡ."

"ಹೇಳ್ತೀನಿ ಅಜ್ಜಿ," ಎಂದು ದೊರಗಿ ಗುಡ್ಡೆಗೆ ಓಡಿದಳು.

ಬಗೆದಳು. ಬಿರಿದ ಮೊಟ್ಟೆಗಳಿಂದ ಬೆರಳುದ್ದದ ಮಕ್ಕಳು ಮೂತಿ ಎತ್ತಿ ಕುಂಯ್ ಕುಂಯ್ ಎನ್ನುತ್ತಿದ್ದವು. ಆ ಕಡೆಯಿಂದ ಉಡ ನಾಲಿಗೆ ಚಾಚಿಕೊಂಡು ಬಂತು. ಈ ಕಡೆ ತೆಳುನೀರಿನಲ್ಲಿ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ಆಳದಲ್ಲಿ ದೊಡ್ಡ ಮೀನುಗಳು ಬೆನ್ನು ತೋರಿಸಿ ಮುಳುಗುತ್ತಿದ್ದವು. ಹೊಳೆಯ ಆಚೆ ದಡದಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ನೀರಿಗೆ ಹೆಣೆದುಕೊಂಡಿದ್ದವು. ಆ ಬೇರಿನ ಸಂದಿಗೆ ಕೊಕ್ಕೂ ಹೋಗದು, ಮೀನೂ ನುಗ್ಗದು. ಅಲ್ಲಿಗೆ ಮುಟ್ಟಿಸಿದರೆ ಮಕ್ಕಳು ಬದುಕಿದವು.

ಆದರೆ ಹೊತ್ತೊಯ್ಯುವುದು ಹೇಗೆ? ಇರುವ ಗಿಡ್ಡ ಕೈಗಳಲ್ಲಿ ಒಂದನ್ನೂ ಹಿಡಿಯಲಾಗದು. ಬೇರೆ ದಾರಿ ಕಾಣದೆ ದೊರಗಿ ಮಕ್ಕಳನ್ನು ಒಂದೊಂದಾಗಿ ಬಾಯಲ್ಲಿ ಇಟ್ಟುಕೊಂಡಳು. ಅಷ್ಟರಲ್ಲಿ ಮೊದಲ ಅಲೆ ಬಾಲಕ್ಕೆ ತಾಗಿತು. ಮೈ ಹಿಗ್ಗಿತು, ಬಾಯಿಯೂ ಹಿಗ್ಗಿತು. ಮಿಕ್ಕ ಮಕ್ಕಳಿಗೂ ಜಾಗವಾಯಿತು. ದೊರಗಿ ನೀರಿಗಿಳಿದಳು.

"ಸಾಕಾ?" ಕಡಲಜ್ಜಿ ಕೇಳಿದಳು.

ಆಗಲೇ ಅವಳು ಉಡಕ್ಕಿಂತ ಒಂದು ಗೇಣು ಉದ್ದವಾಗಿದ್ದಳು. ಬೇಕಾದದ್ದು ಅಷ್ಟೇ. ಆದರೆ "ಸಾಕು" ಅನ್ನಲು ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಮಕ್ಕಳು ಬೀಳುತ್ತವೆ. ದೊರಗಿ ಬಾಯಿ ಬಿಡಲಿಲ್ಲ. ಅಜ್ಜಿ ಇನ್ನೊಂದು ಅಲೆ ಬಡಿಸಿದಳು.

ಮೈ ಬೆಳೆದ ಹಾಗೆ ಹಲ್ಲುಗಳೂ ಬೆಳೆದವು. ಇದೊಂದು ಹೊಸ ದಿಗಿಲು. ಬಾಯಿ ಬಿಗಿದರೆ ಹಲ್ಲು ಮಕ್ಕಳಿಗೆ ನಾಟುತ್ತದೆ, ಸಡಿಲ ಬಿಟ್ಟರೆ ಮೀನಿನ ಪಾಲು. ಬಿಗಿಯಲೂ ಆಗದೆ, ಸಡಿಲಿಸಲೂ ಆಗದೆ, ಉಸಿರು ಹಿಡಿದು ತೇಲಿದಳು. ನಾಲಿಗೆಯ ಮೇಲೆ ಪುಟ್ಟ ಕಾಲುಗಳು ಒದೆಯುತ್ತಿದ್ದವು. ಒಂದು ಕಾಲು ಸುಮ್ಮನಾದರೂ ಅವಳ ಜೀವ ಹಾರಿಹೋಗುತ್ತಿತ್ತು.

"ಸಾಕಾ?"

ಬಾಯಿ ಬಿಟ್ಟರೆ ಮಕ್ಕಳು ಬೀಳುತ್ತವೆ. ದೊರಗಿ ಬಾಯಿ ಬಿಡಲಿಲ್ಲ. ಇನ್ನೊಂದು ಅಲೆ ಬಿತ್ತು. ಬೆನ್ನು ನೀರಿನ ಮೇಲೆ ದಿಬ್ಬದ ಹಾಗೆ ಎದ್ದಿತು.

ಆಗ ಕೊಕ್ಕರೆ ದಡದಿಂದ ಕೂಗಿತು. "ನೋಡಿ, ನೋಡಿ ಇವಳ ಅವತಾರ. ಹೆತ್ತ ಮಕ್ಕಳನ್ನೇ ನುಂಗಿ ಮೈ ಬೆಳೆಸ್ಕೊಂಡಳು. ಅಲ್ಲ ಅಂತಾದ್ರೆ ಬಾಯ್ಬಿಟ್ಟು ಹೇಳು ನೋಡೋಣ."

ಏಡಿ ಕೇಳಿಸಿಕೊಂಡಿತು, ಕಪ್ಪೆ ಕೇಳಿಸಿಕೊಂಡಿತು. ದಡದುದ್ದಕ್ಕೂ ಛೀ ಥೂ ಎಂದು ಗುಲ್ಲಾಯಿತು. ದೊರಗಿಗೆ ಅಲ್ಲ, ಅಲ್ಲ ಎಂದು ಕೂಗಬೇಕೆನಿಸಿತು. ಕಣ್ಣಲ್ಲಿ ನೀರು ಬಂತು. ಬಾಯಿ ಮಾತ್ರ ಬಿಡಲಿಲ್ಲ.

ಆಚೆ ದಡ ಮುಟ್ಟುವ ಹೊತ್ತಿಗೆ ಅವಳು ದೋಣಿಗಿಂತ ಉದ್ದವಾಗಿದ್ದಳು. ಬೇರುಗಳ ನಡುವೆ ಮೂತಿ ತೂರಿಸಿ ಮೆಲ್ಲಗೆ ಬಾಯಿ ತೆರೆದಳು. ಮಕ್ಕಳು ಜಾರಿ ಜಾರಿ ನೀರಿಗೆ ಇಳಿದವು. ಎಲ್ಲವೂ ಕಾಲಾಡಿಸುತ್ತಿದ್ದವು. ದೊರಗಿಗೆ ಅಳು ಬಂತು, ಈ ಸಲ ಸಮಾಧಾನಕ್ಕೆ.

"ಸಾಕಾ ಮಗಳೇ?" ಕಡಲಜ್ಜಿ ಕೊನೆಯ ಸಲ ಕೇಳಿದಳು. ಉಬ್ಬರ ಇಳಿಯಲು ತೊಡಗಿತ್ತು.

ದೊರಗಿ ಕಡಲಿನ ಕಡೆ ತಿರುಗಿದಳು. ಬಾಯಿಯನ್ನು ಅಗಲವಾಗಿ ತೆರೆದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಕುಂಯ್.

ಅವಳು ಬಿಟ್ಟುಬಂದ ದಡದ ಗುಡ್ಡೆಯಲ್ಲಿ ಒಂದು ಮೊಟ್ಟೆ ತಡವಾಗಿ ಬಿರಿದಿತ್ತು. ಉಡ ಅದರ ಪಕ್ಕದಲ್ಲೇ ಇತ್ತು.

ದೊರಗಿ ಬಾಯಿ ಮುಚ್ಚಿದವಳೇ ಹೊಳೆಯನ್ನು ಸೀಳಿಕೊಂಡು ಹೋದಳು. ತನ್ನ ಕಡೆಗೆ ನುಗ್ಗುತ್ತಿದ್ದ ಆ ದೊಡ್ಡ ಮೈ ಕಂಡು ಉಡ ಬಿದ್ದಂಬೀಳ ಮರ ಹತ್ತಿತು. ಕೊನೆಯ ಮಗುವನ್ನು ಬಾಯಲ್ಲಿಟ್ಟುಕೊಂಡು ತಂದು ಬೇರಿನ ಸಂದಿಗೆ ಬಿಡುವಷ್ಟರಲ್ಲಿ ಕಡಲಜ್ಜಿ ಇಳಿದು ಹೋಗಿದ್ದಳು.

"ನಾಳೆ ಬರ್ತಾಳೆ, ಆಗ ಹೇಳು," ಎಂದಿತು ಹೊಳೆ.

ಮಾರನೆಯ ದಿನ ಅಜ್ಜಿ ಬಂದಳು. ದೊರಗಿ ಬಾಯಿ ತೆರೆದಳು. ಅಷ್ಟರಲ್ಲಿ ಒಂದು ಮಗು ಬೇರಿನಿಂದ ಆಚೆ ಈಜಿ ಹೋಗಿತ್ತು. ಅದು ವಾಪಸ್ಸು ಬರಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡಳು. ಮುಂದಿನ ಮಳೆಗಾಲಕ್ಕೆ ಹೊಸ ಗುಡ್ಡೆ, ಹೊಸ ಮೊಟ್ಟೆ. ಮಕ್ಕಳಿಗೆ ಮಕ್ಕಳಾದವು. ಅವರಿಗೂ ಉಡದ ಭಯ, ಕೊಕ್ಕರೆಯ ಭಯ. ಅವರೂ "ಸಾಕು" ಅನ್ನುವುದನ್ನು ನಾಳೆಗೆ ಇಟ್ಟುಕೊಂಡರು. ದೂರದ ಮೇಲಿನ ಹೊಳೆಯ ಸಿಹಿನೀರಿನಲ್ಲಿದ್ದ ಅವಳ ತಂಗಿಯರ ಹತ್ತಿರಕ್ಕೆ ಉಬ್ಬರ ಹೋಗುವುದಿಲ್ಲ. ಅಜ್ಜಿಯ ಅಲೆ ಕಾಣದ ಅವರು ಉಪ್ಪುನೀರಿನವರಷ್ಟು ಬೆಳೆಯಲೇ ಇಲ್ಲ.

ಹಾಗಾಗಿ ಮಗು, ಕಡಲು ಹೊಳೆ ಸೇರುವ ಕಡೆ ಮರಳ ದಿಬ್ಬದ ಮೇಲೆ, ದೋಣಿಗಿಂತ ಉದ್ದದ ಮುದಿ ಮೊಸಳೆಯೊಂದು ಅಲುಗಾಡದೆ ಬಾಯಿ ತೆರೆದು ಮಲಗಿದ್ದು ಕಂಡರೆ, ಹಸಿದಿದೆ ಅಂದುಕೊಳ್ಳಬೇಡ. ಅಜ್ಜಿಗೆ "ಸಾಕು" ಅನ್ನಲು ಬಾಯಿ ತೆರೆದು, ಎಲ್ಲಾದರೂ ಒಂದು ಮಗು ಕೂಗುತ್ತಿದೆಯೇನೋ ಎಂದು ಅದು ಇನ್ನೂ ಕಿವಿಗೊಟ್ಟು ಕೇಳುತ್ತಿದೆ.