ಹೆಂಟೆಗುಡ್ಡ

ಸೊಂಡೇಹಳ್ಳಿಯಿಂದ ಪಡುವಲಿಗೆ ಒಂದು ಮೈಲಿ ನಡೆದರೆ ಸಿಗುವ ಬೋಳುಗುಡ್ಡವೇ ಹೆಂಟೆಗುಡ್ಡ. ದೊಡ್ಡ ಗುಡ್ಡವೇನಲ್ಲ, ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಕೆಂಪಾಗುವಷ್ಟರಲ್ಲಿ ನೆತ್ತಿ ಸೇರಬಹುದು. ಮೂಡಲ ಮಗ್ಗುಲು ಕೆಮ್ಮಣ್ಣು, ಕಳ್ಳಿ, ಸೀತಾಫಲದ ಪೊದೆ. ಪಡುವಲ ಮಗ್ಗುಲು ಎರೆಮಣ್ಣು, ಅದರ ಬುಡದಲ್ಲಿ ಬಿರುಬೇಸಿಗೆಯಲ್ಲೂ ಬತ್ತದ ಒಂದು ಸಣ್ಣ ಕಟ್ಟೆ. ಕಟ್ಟೆಯ ಆಚೆ ದಂಡೆಯಲ್ಲಿ ನೆಟ್ಟಿರುವ ಸರ್ವೆ ಕಲ್ಲೇ ಸೊಂಡೇಹಳ್ಳಿಯ ಗಡಿ, ಅದರಾಚೆಗೆ ಮುತ್ತುಗಪಾಳ್ಯ. ನೆತ್ತಿಯ ಮೇಲೆ ಕಲ್ಲುಚಪ್ಪಡಿಗಳ ಒಂದು ಗೂಡು, ಅದರೊಳಗೆ ತೆಂಗಿನಕಾಯಿ ಗಾತ್ರದ ಮಣ್ಣಿನ ಹೆಂಟೆ. ಎಂಥ ಮಳೆ ಹೊಡೆದರೂ ಈ ಹೆಂಟೆ ಕರಗುವುದಿಲ್ಲ ಎನ್ನುತ್ತಾರೆ. ಶುದ್ಧ ಸುಳ್ಳು. ಪ್ರತಿವರ್ಷ ಕರಗುತ್ತದೆ. ಆದರೂ ಅದು ಅಲ್ಲಿ ಹೇಗಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಹೋದ ವರ್ಷ ಪಂಚಾಯಿತಿಯವರು ಗುಡ್ಡದ ಬುಡದಲ್ಲಿ ಒಂದು ಫಲಕ ನಿಲ್ಲಿಸಿ, ಹೆಸರಿನ ಹಿನ್ನೆಲೆ ಬರೆದುಕೊಡಿ ಎಂದು ನನ್ನ ಬಳಿ ಬಂದರು. ಎಪ್ಪತ್ತೊಂಬತ್ತು ವರ್ಷದ ಮುದುಕ, ಪಟೇಲರ ಮನೆತನದವನು. ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? "ಎರಡೇ ಎರಡು ಸಾಲು ಗೌಡ್ರೇ. ಬಂದೋರು ಓದಿ ಖುಷಿ ಪಡ್ಬೇಕು" ಎಂದರು. ಖುಷಿಯಂತೆ ಖುಷಿ! ಅವರು ಕೊಟ್ಟ ಹಾಳೆಯನ್ನು ಐದು ತಿಂಗಳು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಈ ಹೆಸರು ನಮ್ಮ ಮನೆಯ ನಾಚಿಕೆಗೇಡು. ನನ್ನ ಅಪ್ಪ ಇದನ್ನು ನನಗೆ ಹೇಳಿದ್ದು ಒಂದೇ ಸಲ, ಅದೂ ಮುಖ ಬೇರೆ ಕಡೆ ತಿರುಗಿಸಿಕೊಂಡು.

ಹಿಂದೆ ಒಮ್ಮೆ, ಕುಂಪಣಿಯವರ ಆಳ್ವಿಕೆ ಈ ಸೀಮೆಗೆ ಹೊಸದಾಗಿದ್ದ ಕಾಲದಲ್ಲಿ, ಗುಡ್ಡಕ್ಕೆ ಹೆಸರೇ ಇರಲಿಲ್ಲವಂತೆ. ಗಡಿಗೂ ಕಲ್ಲು ಇರಲಿಲ್ಲ. ನೆತ್ತಿಯ ಮೇಲೆ ಬಿದ್ದ ಮಳೆ ಮೂಡಲಿಗೆ ಹರಿದರೆ ಸೊಂಡೇಹಳ್ಳಿಯದು, ಪಡುವಲಿಗೆ ಹರಿದರೆ ಮುತ್ತುಗಪಾಳ್ಯದ್ದು, ಅಷ್ಟೇ ಲೆಕ್ಕ. ಹಾಗಾಗಿ ಕಟ್ಟೆ ಪಾಳ್ಯದವರದು. ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ನಮ್ಮವರಿಗೂ ಇರಲಿಲ್ಲ. ಆದರೆ ಸರಪಳಿ ಹಿಡಿದು ಸೀಮೆಯನ್ನೆಲ್ಲ ಅಳೆಯುತ್ತಾ ಒಬ್ಬ ಬಿಳಿಯ ದೊರೆ ಬಂದು, ನಮ್ಮೂರ ಚಾವಡಿಯ ಮುಂದೆ ಡೇರೆ ಹೊಡೆಸಿದ. ಅವನು ಬರೆದದ್ದು ಮುಂದೆ ಅಳಿಸುವಂತಿಲ್ಲ ಎಂದು ಕೇಳಿದ್ದೇ ತಡ, ಆಗಿನ ಪಟೇಲ ಕಾಡೇಗೌಡನ ಕಣ್ಣು ಕಟ್ಟೆಯ ಮೇಲೆ ಬಿತ್ತು. ಗಡಿ ಇರುವುದು ಗುಡ್ಡದ ನೆತ್ತಿಯಲ್ಲಲ್ಲ, ಕಟ್ಟೆಯ ಆಚೆ ದಂಡೆಯಲ್ಲಿ ಎಂದು ಅವನು ವಾದ ಹೂಡಿದ. ಈ ಕಾಡೇಗೌಡ ನನ್ನ ಮುತ್ತಜ್ಜನ ಅಪ್ಪ.

ಊರ ಗಡಿಯ ಜಗಳ ಬಂದರೆ ತೀರ್ಮಾನ ಮಾಡುವ ಅಧಿಕಾರ ಪಟೇಲನದಾಗಲಿ ಶಾನುಭೋಗನದಾಗಲಿ ಆಗಿರಲಿಲ್ಲ, ಅದು ಕುಳವಾಡಿಯದು. ಕುಳವಾಡಿಯ ಮನೆ ಊರಾಚೆಯ ಕೇರಿಯಲ್ಲಿ. ಅವನು ಗುಡಿಯ ಹೊಸಿಲು ತುಳಿಯಬಾರದು, ಚಾವಡಿಯ ಮೆಟ್ಟಿಲು ಹತ್ತಬಾರದು, ನಮ್ಮ ಬಾವಿಗೆ ಹಗ್ಗ ಇಳಿಸಬಾರದು. ಆದರೆ ಊರಿನ ಎಲ್ಲೆ ಮಾತ್ರ ಅವನ ಮಾತಿನ ಮೇಲೆ ನಿಲ್ಲಬೇಕು! ಇದನ್ನು ಬರೆಯುವಾಗಲೇ ನನಗೆ ಮೈಯೆಲ್ಲ ಉರಿಯುತ್ತದೆ. ಪದ್ಧತಿ ಹೀಗಿತ್ತು: ಊರಿನ ಮಣ್ಣಿಗೆ ಸ್ವಲ್ಪ ನೀರು ಕಲಸಿ ಹೆಂಟೆ ಮಾಡಿ, ಊರಮ್ಮನಿಗೆ ಕೈಮುಗಿದು, ಅದನ್ನು ಕುಳವಾಡಿಯ ತಲೆಯ ಮೇಲಿಡಬೇಕು. ಅವನು ಗಡಿಯುದ್ದಕ್ಕೂ ನಡೆಯಬೇಕು. ಹೆಜ್ಜೆ ಸರಿಯಿದ್ದರೆ ಹೆಂಟೆ ನಿಲ್ಲುತ್ತದೆ. ತಪ್ಪಿದರೆ ತಲೆಯ ಮೇಲೆಯೇ ಒಡೆಯುತ್ತದೆ, ಹೊತ್ತವನು ಹದಿನೈದು ದಿನದೊಳಗೆ ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂಬ ನಂಬಿಕೆ. ದೊರೆಯೂ ಇದಕ್ಕೆ ಒಪ್ಪಿದ. ಹೆಂಟೆ ನಿಂತರೆ ಕುಳವಾಡಿ ನಡೆದದ್ದೇ ಗಡಿ, ಒಡೆದರೆ ಪಟೇಲ ಹೇಳಿದ್ದು ಗಡಿ ಎಂದು ಗೊತ್ತುಮಾಡಿದ.

ಆಗ ಕುಳವಾಡಿಯಾಗಿದ್ದವನು ಮೂಡ್ಲಯ್ಯ. ಹಿಂದಿನ ದಿನ ಕಾಡೇಗೌಡ ಅವನನ್ನು ಕಣದ ಬಳಿ ಕರೆಸಿ, ಕಟ್ಟೆಯ ಆಚೆಯಿಂದ ನಡೆದುಬಾ, ಊರು ನಿನ್ನನ್ನು ಮರೆಯುವುದಿಲ್ಲ ಎಂದು ಪುಸಲಾಯಿಸಿದನಂತೆ. "ಬುದ್ದೀ, ಅದೊಂದ್ ಬ್ಯಾಡಿ. ನನ್ ತಲೆ ಮ್ಯಾಲಿರೋದು ಊರಮ್ಮನ ಮಣ್ಣು" ಎಂದು ಮೂಡ್ಲಯ್ಯ ಕೈಮುಗಿದ. ಮರುದಿನ ನಮ್ಮೂರಿನಿಂದ ಅರವತ್ತು ಜನ ಗುಡ್ಡಕ್ಕೆ ಹೋದರು. ಪಾಳ್ಯದಿಂದ ಬಂದವರು ನಾಲ್ಕೇ ಜನ. "ಮೂಡ್ಲಯ್ಯ ನಡೀತಾನೆ ಅಂದ್ಮೇಲೆ ನಾವೆಲ್ಲ ಯಾಕೆ?" ಎಂದು ಉಳಿದವರು ಹೊಲದ ಕೆಲಸಕ್ಕೆ ಹೋಗಿದ್ದರಂತೆ. ಅವರಿಗೆ ನಮ್ಮೂರಿನ ಕುಳವಾಡಿಯ ಮೇಲೆ ಅಷ್ಟು ನಂಬಿಕೆ. ಮೂಡ್ಲಯ್ಯ ಮಳೆನೀರು ಸೀಳುವ ಜಾಡಿನಲ್ಲೇ, ಅತ್ತ ಇತ್ತ ಒಂದು ಗೇಣು ಜರುಗದೆ, ನೆತ್ತಿಯ ಮೇಲೆ ನಡೆದು ನಿಂತ. ಹೆಂಟೆಯಿಂದ ಒಂದು ಚೂರೂ ಉದುರಿರಲಿಲ್ಲ.

ದೊರೆಗೆ ಕಾಲಿನಲ್ಲಿ ಕುರು ಎದ್ದು, ಅವನು ಡೇರೆಯಲ್ಲೇ ಉಳಿದಿದ್ದ. ತೀರ್ಮಾನ ಆಗುವ ತನಕ ಕುಳವಾಡಿ ಹೆಂಟೆಯನ್ನು ಇಳಿಸುವಂತಿಲ್ಲ. ಇಳಿಸಿದರೂ ಚಾವಡಿಯ ಹತ್ತಿರ ಅವನನ್ನು ಬಿಡುವವರಾರು? ಮೂಡ್ಲಯ್ಯ ಗುಡ್ಡದಲ್ಲೇ ನಿಂತ, ಊರಿನವರು ಇಳಿದು ಬಂದರು. ಏನಾಯಿತು ಎಂದು ದೊರೆ ಕೇಳಿದಾಗ ಕಾಡೇಗೌಡ "ಒಡೀತು" ಎಂದ. ಹಿಂದಿದ್ದ ಅರವತ್ತು ಜನರೂ "ಒಡೀತು" ಎಂದರು. ಒಬ್ಬನಾದರೂ ಕೆಮ್ಮಲಿಲ್ಲ. ಪಾಳ್ಯದ ನಾಲ್ವರು ಅಯ್ಯೋ ಅನ್ಯಾಯ ಎಂದು ಬಾಯಿ ಬಡಿದುಕೊಂಡರು. ಅರವತ್ತರ ಮುಂದೆ ನಾಲ್ಕು ಬಾಯಿ ಯಾವ ಲೆಕ್ಕ? ಸಂಜೆಯೊಳಗೆ ಕಟ್ಟೆಯ ಆಚೆ ದಂಡೆಯಲ್ಲಿ ಕಲ್ಲು ನೆಟ್ಟಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ಸುದ್ದಿ ತಿಳಿದ ಮೂಡ್ಲಯ್ಯ ಕೂಗಾಡಲಿಲ್ಲ ಎನ್ನುತ್ತಾರೆ. "ಒಡೆದಿದ್ರೆ ಹದಿನೈದು ದಿನದಾಗೆ ನಾನು ಸಾಯ್ಬೇಕು. ನೋಡಾನ" ಎಂದು ಹೆಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ನೆತ್ತಿಯ ಮೇಲೆಯೇ ಕೂತ. ಹೆಂಡತಿ ಕರಿಯಕ್ಕ ದಿನವೂ ಮುದ್ದೆ ಒಯ್ದು ಕೊಟ್ಟು ಬರುತ್ತಿದ್ದಳು. ದೊರೆಯ ಡೇರೆ ಪಕ್ಕದ ಹಳ್ಳಿಗೆ ಹೋಗಿತ್ತು, ಇನ್ನೂ ಒಂದು ತಿಂಗಳು ಈ ಸೀಮೆಯಲ್ಲೇ ಇರುವುದಿತ್ತು. ಐದು ದಿನ ಕಳೆಯಿತು, ಹತ್ತು ಕಳೆಯಿತು. ಮೂಡ್ಲಯ್ಯ ಗಟ್ಟಿಮುಟ್ಟಾಗಿಯೇ ಇದ್ದ. ನಮ್ಮವರಿಗೆ ನಿದ್ದೆ ಹಾರಿತು. ಹದಿನಾರನೆಯ ದಿನವೂ ಇವನು ಬದುಕಿದ್ದರೆ, ಪಾಳ್ಯದವರು ಇವನನ್ನೇ ಮುಂದಿಟ್ಟುಕೊಂಡು ದೊರೆಯ ಬಳಿಗೆ ಹೋದರೆ, ಅರವತ್ತು ಮುಖಗಳನ್ನು ಎಲ್ಲಿ ಬಚ್ಚಿಡುವುದು? ಕೊಲ್ಲುವಷ್ಟು ಧೈರ್ಯ ಅವರಿಗಿರಲಿಲ್ಲ. ಆದರೆ ನಂಬಿಕೆಯಲ್ಲಿ ಇನ್ನೊಂದು ಮಾತಿತ್ತಲ್ಲ, ಮನೆ ಹಾಳು ಬೀಳುತ್ತದೆ ಎಂದು. ಬಿದ್ದ ಮನೆ ತೋರಿಸಿದರೆ ಹೆಂಟೆ ಒಡೆದದ್ದಕ್ಕೆ ಅದೇ ಸಾಕ್ಷಿ.

ಹದಿನೈದನೆಯ ದಿನ, ಹಾಡುಹಗಲಲ್ಲಿ, ಹಾರೆ ಗುದ್ದಲಿ ಹಿಡಿದು ಊರಿನವರು ಕೇರಿಗೆ ಹೋದರು. ಅಷ್ಟು ದಿನ ಕೇರಿಯ ನೆರಳು ಸೋಕಿದರೆ ಮೈಲಿಗೆ ಎನ್ನುತ್ತಿದ್ದವರು! ಕರಿಯಕ್ಕ ಬಾಗಿಲಿಗೆ ಬಂದು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. "ಬುದ್ದೀ, ಒಲೆ ಮ್ಯಾಲೆ ಎಸರಿಟ್ಟಿವ್ನಿ. ಅವ್ರಿಗೆ ಒಂದು ಮುದ್ದೆ ಮಾಡ್ಕೊಂಡು ಬತ್ತೀನಿ, ಅಲ್ಲೀಗಂಟ ನಿಲ್ಲಿ" ಎಂದಳು. ಅವರು ನಿಂತರು. ಇದನ್ನು ಹೇಳುವಾಗಲೇ ನನ್ನ ಅಪ್ಪ ಮುಖ ತಿರುಗಿಸಿದ್ದು. ಹಾರೆ ನೆಲಕ್ಕೂರಿಕೊಂಡು, ಬೇವಿನ ಮರದ ನೆರಳಲ್ಲಿ, ಅವಳು ಹಿಟ್ಟು ತಿರುವಿ ಮುದ್ದೆ ಕಟ್ಟುವ ತನಕ ಮರ್ಯಾದಸ್ಥರಂತೆ ಕಾದರು. ಅವಳು ಮಡಕೆ ಹೊತ್ತು ಆಚೆ ಬಂದ ಮೇಲೆ ಮನೆ ಕೆಡವಿದರು. ಮೊದಲ ಏಟು ಕಾಡೇಗೌಡನದು.

ಕರಿಯಕ್ಕ ಗುಡ್ಡ ಹತ್ತಿ ಗಂಡನಿಗೆ ಊಟ ಬಡಿಸಿ, ಅವನು ಕೈತೊಳೆದ ಮೇಲೆ ವಿಷಯ ಹೇಳಿದಳಂತೆ. ಮೂಡ್ಲಯ್ಯ ಹೆಂಟೆಯನ್ನು ಗುಡ್ಡದ ನೆತ್ತಿಯ ಮೇಲಿಟ್ಟು, "ಇದು ಅವ್ರೂರಿನ ಮಣ್ಣು, ಇಲ್ಲೇ ಇರ್ಲಿ" ಎಂದು ಪಡುವಲಿಗೆ ಇಳಿದುಹೋದ. ಹುಟ್ಟಿದೂರನ್ನು ಅವನು 'ಅವ್ರೂರು' ಎಂದದ್ದು ಅದೇ ಮೊದಲು. ಕಟ್ಟೆ ಕಳೆದುಕೊಂಡ ಪಾಳ್ಯದವರೇ ಅವನಿಗೆ ಮನೆಗೆ ಜಾಗ ಕೊಟ್ಟರು. ಅವನು ಇನ್ನೂ ಮೂವತ್ತು ವರ್ಷ ಬದುಕಿದ. ನಮ್ಮವರು ಗುಡ್ಡಕ್ಕೆ ಗೆದ್ದಗುಡ್ಡ ಎಂದು ಹೆಸರಿಡಲು ನೋಡಿದರು. ಯಾರ ಬಾಯಲ್ಲೂ ಅದು ನಿಲ್ಲಲಿಲ್ಲ. ಸುತ್ತಲಿನ ಊರಿನವರು ಹೆಂಟೆಗುಡ್ಡ ಎಂದರು. ಕೊನೆಗೆ ನಾವೂ ಹಾಗೇ ಕರೆಯಬೇಕಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಇನ್ನು ಹೆಂಟೆ ಕರಗದ ಗುಟ್ಟು. ಮಳೆಗಾಲ ಕಳೆದ ಮೇಲೆ ಮೂಡ್ಲಯ್ಯನ ವಂಶದವರು ಪಾಳ್ಯದಿಂದ ಗುಡ್ಡ ದಾಟಿ ನಮ್ಮೂರಿಗೆ ಬರುತ್ತಾರೆ. ಆ ಮನೆಯಿದ್ದ ಜಾಗ ಇವತ್ತಿಗೂ ಪಾಳು. ಒಂದು ಒಡೆದ ಬೀಸುಕಲ್ಲು ಬಿಟ್ಟರೆ ಅಲ್ಲಿ ಏನೂ ಇಲ್ಲ. ಅಲ್ಲಿಂದ ಒಂದು ಪುಟ್ಟಿ ಮಣ್ಣು ತೆಗೆದುಕೊಂಡು ಹೋಗಿ ಹೆಂಟೆಯನ್ನು ಹೊಸದಾಗಿ ಕಟ್ಟುತ್ತಾರೆ. ನಮ್ಮವರು ಯಾರೂ ತಡೆಯುವುದಿಲ್ಲ, ಯಾರೂ ಮಾತಾಡಿಸುವುದೂ ಇಲ್ಲ. ಹೋದ ಸಲ ಅವರ ಮನೆಯ ಹಿರಿಯಾಕೆ ಈರಕ್ಕ ಮಣ್ಣು ತುಂಬುತ್ತಿದ್ದಾಗ ನಾನು ಹೋಗಿ ನಿಂತೆ. ಜೇಬಿನ ಹಾಳೆ ತೆಗೆದು, "ಈರಕ್ಕಾ, ಫಲಕಕ್ಕೆ ಏನಂತ ಬರೀಲಿ?" ಎಂದೆ. ಆಕೆ ಕೈಯ ಮಣ್ಣು ಕೊಡವಿಕೊಂಡು ನನ್ನನ್ನೇ ನೋಡಿದಳು.

"ಹೆಂಟೆ ಒಡೀಲಿಲ್ಲ ಅಂತ ಬರೀರಿ ಗೌಡ್ರೇ. ನಮ್ಕಡೆ ಸಾಲು ಅದು. ಇನ್ನೊಂದು ಸಾಲು ನಿಮ್ದು, ನೀವೇ ನೋಡ್ಕಳಿ."

ಹಾಗಾಗಿ ಇವತ್ತು ಬಂದವರು ಗುಡ್ಡದ ಬುಡದಲ್ಲಿ ಎರಡು ಸಾಲಿನ ಫಲಕ ನೋಡುತ್ತಾರೆ. ಮೊದಲನೆಯದು, 'ಹೆಂಟೆ ಒಡೆಯಲಿಲ್ಲ.' ಎರಡನೆಯದು, 'ಒಡೆಯಿತೆಂದವರು ಸೊಂಡೇಹಳ್ಳಿಯ ನಾವು.' ಕೆಲವು ದಿನ ಎರಡನೆಯ ಸಾಲು ಕಾಣುವುದಿಲ್ಲ, ಅದರ ಮೇಲೆ ಸಗಣಿ ಬಳಿದಿರುತ್ತದೆ. ಆಗ ನಾನು ಕಟ್ಟೆಗೆ ಇಳಿದು, ಚಪ್ಪಲಿ ಬಿಟ್ಟು, ಪಾಳ್ಯದ ಕಡೆ ಮುಖ ಮಾಡಿ, ಒಂದು ಬಿಂದಿಗೆ ತಗೊಳ್ತೀನಿ ಎಂದು ಕೇಳಿಕೊಂಡು ನೀರು ತಂದು ತೊಳೆಯುತ್ತೇನೆ. ಬಳಿಯುವವನು ನನ್ನ ಒಡಹುಟ್ಟಿದ ತಮ್ಮ. ನನಗೆ ಗೊತ್ತು, ಊರಿಗೆಲ್ಲ ಗೊತ್ತು. ಒಂದೇ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತೇವೆ. ಯಾಕೋ ಹೀಗೆ ಮಾಡ್ತೀಯ ಎಂದು ಅವನ ಮುಖ ನೋಡಿ ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.